ರಾಜನ ಮಣ್ಣಿಗೆ ಹೋದ ಹುಚ್ಚೀರಪ್ಪನವರು

ಲಕ್ಷ್ಮೇಶ್ವರದಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಅಳು ಕೇಳಿಸುತ್ತದೆ, ಅದರ ಬೆನ್ನಿಗೇ ಹುಚ್ಚೀರಪ್ಪನವರ ಮೋಟರ್‌ಸೈಕಲ್ಲು ಕೇಳಿಸುತ್ತದೆ. ಒಮ್ಮೊಮ್ಮೆ ಈ ಕ್ರಮ ಹಿಂದುಮುಂದಾಗುವುದೂ ಉಂಟು. ಪಕ್ಕದ ಹಳ್ಳಿ ಶಿಗ್ಲಿಯ ಮುದುಕರೊಬ್ಬರು ಹೋದರೆಂಬ ಖಬರ ಬಂದು ಇವರು ಓಡಿಹೋದಾಗ, ಮುದುಕರು ಗೋಡೆಗೆ ಒರಗಿ ಕುಳಿತು ಚಹಾದಲ್ಲಿ ಬಿಸ್ಕೀಟು ಅದ್ದುತ್ತಿದ್ದರಂತೆ. "ಇಷ್ಟ ಲಗೂ ಯಾಕ ಬಂದಿ ಹುಚ್ಚೀರಾ? ಕುಂಡ್ರು, ಚಾ ಕುಡಿ, ಇನ್ನೂ ಹೊತ್ತೈತಿ" ಎಂದರಂತೆ. ಹುಚ್ಚೀರಪ್ಪನವರು ಚಹಾ ಕುಡಿದು, ಮುದುಕರ ಆಶೀರ್ವಾದ ತೆಗೆದುಕೊಂಡು, ಬಂದ ದಾರಿಗೆ ಸುಂಕವಿಲ್ಲದಂತೆ ಹೊರಳಿದರು.

ನಮ್ಮ ಕಡೆ ಶವಸಂಸ್ಕಾರಕ್ಕೆ ಹೋಗುವುದನ್ನು ಮಣ್ಣಿಗೆ ಹೋಗುವುದು ಎನ್ನುತ್ತಾರೆ. ಗುಂಡಿಗೆ ಒಂದು ಹಿಡಿ ಮಣ್ಣು ಹಾಕಬೇಕು, ಮನೆಗೆ ಬಂದು ಉಟ್ಟ ಬಟ್ಟೆಯ ಮೇಲೆಯೇ ತಣ್ಣೀರು ಸುರಿದುಕೊಳ್ಳಬೇಕು, ಆಮೇಲೆ ಹೊಸ್ತಿಲು ದಾಟಬೇಕು. ಬಜಾರದಲ್ಲಿ ಹುಚ್ಚೀರಪ್ಪನವರದು ಪೈಪು, ಪಂಪಸೆಟ್ಟುಗಳ ಅಂಗಡಿ. ಅಲ್ಲಿ ಅವರು ಕೇಳಿದ್ದೊಂದು ಬಿಟ್ಟು ಇನ್ನೊಂದು ಕೊಡುವ ಗಲಿಬಿಲಿ ಮನುಷ್ಯ. ಮಣ್ಣಿನಲ್ಲಿ ಮಾತ್ರ ಅವರ ಕೈ ತಪ್ಪಿದ್ದಿಲ್ಲ. ಯಾರು ಎಲ್ಲಿ ಹೆಗಲು ಕೊಡಬೇಕು, ಯಾವ ಹೆಣ್ಣುಮಗಳಿಗೆ ನೀರು ಕುಡಿಸಬೇಕು, ಯಾರನ್ನು ಅಳಲು ಬಿಡಬೇಕು, ಯಾರನ್ನು ಸಾಕು ಎನ್ನಬೇಕು, ಇದೆಲ್ಲ ಅವರಿಗೆ ಅಂಗೈಗೆರೆಯಷ್ಟು ಗೊತ್ತು. ಜಾತಿ, ಕೇರಿ, ಬಿಸಿಲು, ಮಳೆ ಏನನ್ನೂ ಅವರು ಎಣಿಸಿದವರಲ್ಲ.

ಇಂಥವರನ್ನು ಪೈಪಿನ ಕಂಪನಿಯವರು ಈಜಿಪ್ತಿಗೆ ಕಳಿಸಿದ್ದು ಪೂರ್ತಿ ತಪ್ಪು. ಆ ವರ್ಷ ರೈತರು ಬೋರ್‌ವೆಲ್ ಹೆಚ್ಚು ಕೊರೆಸಿದ್ದರಿಂದ ಪೈಪು ತಾನಾಗಿ ಮಾರಿಹೋಗಿ, ವಿದೇಶ ಪ್ರವಾಸಕ್ಕೆ ಆರಿಸಿದ ಅಂಗಡಿಕಾರರ ಹೆಸರುಗಳಲ್ಲಿ ಇವರದೂ ಬಂದಿತ್ತು. ಮಗಳು ಅಂಕಿತಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. "ನಾ ಒಲ್ಲೆ" ಎಂದು ಹುಚ್ಚೀರಪ್ಪನವರು ಕುಳಿತೇಬಿಟ್ಟರು. ಹೆಂಡತಿ ಕಸ್ತೂರೆವ್ವ ಬಿಡಲಿಲ್ಲ.

"ಹಡಿಯೂದು ಅಕಿ, ಹಡಿಸೂದು ಡಾಕ್ಟರು. ನಿಮ್ದೇನೈತಿ ಅಲ್ಲೆ? ಊರಾಗಿನ ಸತ್ತಾವ್ರನ್ನೆಲ್ಲಾ ನೋಡಿ ಸಾಕಾಗೈತಿ, ಒಂದೀಟು ಬದುಕಿದ್ದಾವ್ರನ್ನ ನೋಡಿ ಬರ್ರಿ."

ಅವರು ಹೊರಟ ದಿನವೇ ಅಂಕಿತಾಳಿಗೆ ಗಂಡು ಹುಟ್ಟಿತು. ವಿಮಾನ ಏರುವ ಮುನ್ನ ಸುದ್ದಿ ತಿಳಿದು, ಹುಚ್ಚೀರಪ್ಪನವರು ಬೆಲ್ಟು ಬಿಚ್ಚಿಸುವ ಪೊಲೀಸನಿಗೆ ಪೇಢೆ ಕೊಡಹೋಗಿ ಬೈಸಿಕೊಂಡರು. ತಿರುಗಿ ಬರುವ ದಿನವೇ ತೊಟ್ಟಿಲು ಕಾರ್ಯ, ಹೆಸರಿಡುವುದು ಎಂದು ಗೊತ್ತಾಯಿತು. ಆಮೇಲೆ ಪಿರಮಿಡ್ಡೇ ಇರಲಿ, ಒಂಟೆಯೇ ಇರಲಿ, ಅವರ ಕಣ್ಣಿಗೆ ತಲೆಗೆ ಕುಲಾಯಿ ಹಾಕಿಕೊಂಡು ಮಲಗಿದ ಕೂಸಿನ ಹಾಗೆಯೇ ಕಂಡವು. ಆ ಕೂಸನ್ನು ಒಮ್ಮೆ ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಅವರಿಗೆ ಬೇಕಾಗಿದ್ದದ್ದು ಇಷ್ಟೇ.

ಪ್ರವಾಸದ ಕೊನೆಗೆ ಲಕ್ಸರ್ ಎಂಬ ಊರಿನ ಹೊಳೆಯ ಆಚೆ ದಂಡೆಯ ಬೋಳು ಗುಡ್ಡಕ್ಕೆ ಕರೆದೊಯ್ದರು. ನಮ್ಮ ಕಪ್ಪತಗುಡ್ಡದ ಗಿಡಗಂಟಿಯನ್ನೆಲ್ಲ ಕೆರೆದು ತೆಗೆದು, ರೊಟ್ಟಿ ಹಂಚಿನ ಮೇಲೆ ಕಾಯಲು ಇಟ್ಟ ಹಾಗಿತ್ತು. ಜನ ಸಾಲಾಗಿ, ತಲೆ ತಗ್ಗಿಸಿ, ಸದ್ದು ಮಾಡದೆ ಒಂದು ಗುಂಡಿಯೊಳಕ್ಕೆ ಇಳಿಯುತ್ತಿದ್ದರು. ಇಂಥ ಸಾಲನ್ನು ಕಂಡದ್ದೇ ತಡ, ಹುಚ್ಚೀರಪ್ಪನವರ ಸೊಂಟ ತಾನಾಗಿ ಬಗ್ಗಿತು, ಕೈ ತಾನಾಗಿ ಒಂದು ಹಿಡಿ ಮಣ್ಣು ತುಂಬಿಕೊಂಡಿತು. ಬುದ್ಧಿಯನ್ನು ಯಾರೂ ಕೇಳಲಿಲ್ಲ.

ಒಳಗೆ ಹಳದಿ ಗೋಡೆಗಳು, ಗೋಡೆಯ ಮೇಲೆ ಸಾಲಾಗಿ ಕುಳಿತ ಮಂಗಗಳ ಚಿತ್ರ. ಒಂದು ಮಗ್ಗುಲಿಗೆ ಗಾಜಿನ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಬಿಳಿ ಬಟ್ಟೆ ಹೊದಿಸಿದ ಸಣ್ಣ ದೇಹ. ಸುಟ್ಟ ಬದನೆಕಾಯಿಯಂತೆ ಕಪ್ಪಾದ ಮುಖ, ಆ ತುದಿಗೆ ಎರಡು ಪಾದ.

"ಯಾರೋ ವೀರು ಇಂವ?" ಎಂದು ಹುಚ್ಚೀರಪ್ಪನವರು ಪಿಸುಗುಟ್ಟಿದರು. ವೀರು ಬೆಟಗೇರಿಯ ಅಂಗಡಿಕಾರ; ಗೈಡಿನ ಇಂಗ್ಲಿಷನ್ನು ಎಲ್ಲರಿಗೂ ಕನ್ನಡ ಮಾಡಿ ಹೇಳುವ ಕೆಲಸ ಅವನಿಗೆ ಬಿದ್ದಿತ್ತು.

"ರಾಜಾ ರೀ ಅಣ್ಣಾರ. ತುತಂಖಾಮನ್ ಅಂತ. ಒಂಬತ್ತಕ್ಕ ಪಟ್ಟಾ ಕಟ್ಟಿದ್ರಂತ, ಹತ್ತೊಂಬತ್ತಕ್ಕ ಹೋದಾ ಅಂತ ಹೇಳಾಕತ್ತಾನ. ಕಾಲೂ ಸರಿ ಇರಲಿಲ್ಲಂತ, ಕೋಲು ಊರಿ ಅಡ್ಡಾಡ್ತಿದ್ನಂತ."

"ಹತ್ತೊಂಬತ್ತಾ? ಅಯ್ಯ ಶಿವನೇ, ನಮ್ಮ ಅಂಕಿತಾಗಿಂತ ಸಣ್ಣಾಂವ! ಮನಿಯವ್ರು ಎಲ್ಲದಾರ?"

"ಮೂರು ಸಾವಿರದ ಮ್ಯಾಲ ವರ್ಷ ಆದ್ವಲ್ರೀ."

"ಹಂಗಂತ ಯಾರೂ ಅಳಬಾರದೇನು?"

ಯಾರೂ ಅಳುತ್ತಿರಲಿಲ್ಲ. ಎಲ್ಲರೂ ಪೆಟ್ಟಿಗೆಗೆ ಬೆನ್ನು ಮಾಡಿ, ಹಲ್ಲು ತೆರೆದು, ಸೆಲ್ಫಿ ತೆಗೆಯುತ್ತಿದ್ದರು. ಮೂಲೆಯಲ್ಲಿ ನೀಲಿ ನಿಲುವಂಗಿಯ ಕಾವಲುಗಾರನೊಬ್ಬ ಮಾತ್ರ ಸ್ಟೂಲಿನ ಮೇಲೆ ಮುಖ ಸಪ್ಪಗೆ ಮಾಡಿ ಕುಳಿತಿದ್ದ. ಕಾಲು ನೋಯುತ್ತಿದ್ದಿರಬೇಕು. ಹುಚ್ಚೀರಪ್ಪನವರು ಮಾತ್ರ ಆ ಮುಖವನ್ನು ಸಾವಿರ ಮನೆಗಳಲ್ಲಿ ಕಂಡಿದ್ದರು. ಸತ್ತವರ ಕಡೆಯವರು ಇವರೇ ಎಂದು ಖಾತ್ರಿಯಾಯಿತು. ಹೋಗಿ ಹೆಗಲ ಮೇಲೆ ಕೈ ಇಟ್ಟರು.

"ಏನ್ ಮಾಡಾಕ ಬರತೈತ್ರೀ ಯಜಮಾನ್ರ. ಧೈರ್ಯ ತಗೋರಿ. ಏನರ ಒಂದೀಟು ತಿಂದೀರೋ ಇಲ್ಲೋ?"

ಕಾವಲುಗಾರ ಕಣ್ಣುಕಣ್ಣು ಬಿಟ್ಟ. ಹುಚ್ಚೀರಪ್ಪನವರು ಪೆಟ್ಟಿಗೆಯ ಕಡೆ ಹೊರಳಿ, ಕಣ್ಣು ತುಂಬಿಕೊಂಡು, "ಹೋಗಿ ಬಾ ಮಗನ" ಎಂದು ಹಿಡಿ ಮಣ್ಣನ್ನು ಗಾಜಿನ ಮೇಲೆ ಹಾಕಿಯೇಬಿಟ್ಟರು.

ಸೀಟಿ ಕೂಗಿತು. ಜರ್ಮನ್ ಹೆಂಗಸೊಬ್ಬಳು ಚೀರಿದಳು. ಕಾವಲುಗಾರ ಹಾರಿಬಂದು ರಟ್ಟೆ ಹಿಡಿದ. ಹಿಡಿದವನು ಇವರ ಮುಖ ನೋಡಿದ. ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಆ ಕೆಲಸದಲ್ಲಿ ಅವನು ಬಗೆಬಗೆಯ ಕಿಡಿಗೇಡಿಗಳನ್ನು ಕಂಡಿದ್ದಾನು, ಅತ್ತವರನ್ನು ಕಂಡಿರಲಿಕ್ಕಿಲ್ಲ. ತನ್ನ ತೋಳಿನಿಂದಲೇ ಗಾಜು ಒರೆಸಿದ. "ಮಾಲೇಶ್, ಮಾಲೇಶ್" ಎನ್ನುತ್ತ ಇವರನ್ನು ಮೆಟ್ಟಿಲವರೆಗೂ ಕೈಹಿಡಿದು ಬಿಟ್ಟುಬಂದ. ಏನು ಹೇಳಿದನೋ ತಿಳಿಯದು. ದನಿ ಮಾತ್ರ ನಮ್ಮ ಕಡೆಯ ಅಸುಂಡಿಯ ಯಾವ ಕಟ್ಟೆಯ ಮೇಲಾದರೂ ಕೇಳಬಹುದಾದದ್ದೇ.

ಇದನ್ನೆಲ್ಲ ವೀರು ಮೊಬೈಲಿನಲ್ಲಿ ಹಿಡಿದಿದ್ದ. ಮುಂಬಯಿಯಲ್ಲಿ ಇಳಿದವನೇ ಅದನ್ನು ಅಂಗಡಿಕಾರರ ಗ್ರೂಪಿಗೆ ಹಾಕಿ, ಕೆಳಗೆ "ಈಜಿಪ್ತಿನಾಗ ಮಣ್ಣು ಕೊಟ್ಟ ನಮ್ಮ ಹುಚ್ಚೀರಪ್ಪಣ್ಣಾರು" ಎಂದು ಬರೆದ. ಅವನದೇನೂ ಕೆಟ್ಟ ಮನಸ್ಸಿರಲಿಲ್ಲ. ಆ ಗ್ರೂಪಿನಿಂದ ಈ ಗ್ರೂಪಿಗೆ ಹಾರುತ್ತ ವಿಡಿಯೋ ಲಕ್ಷ್ಮೇಶ್ವರ ಮುಟ್ಟುವ ಹೊತ್ತಿಗೆ ಮೊದಲ ಅರ್ಧ ಕತ್ತರಿಸಿಹೋಗಿ, ಹುಚ್ಚೀರಪ್ಪನವರು ಬಿಕ್ಕುತ್ತಿರುವುದು, ಮಣ್ಣು ಹಾಕುವುದು, ಯಾರೋ ಕೈಹಿಡಿದು ನಡೆಸುವುದು ಇಷ್ಟೇ ಉಳಿದಿತ್ತು.

ಹುಚ್ಚೀರಪ್ಪನವರ ಅಂಗಡಿಯ ಪಕ್ಕದ ಜವಳಿ ಅಂಗಡಿಯ ಖಾಜಾಸಾಬರು ಅದನ್ನು ನೋಡಿ, "ಯಾ ಅಲ್ಲಾ, ಹುಚ್ಚೀರಣ್ಣನ ಜೋಡಿ ಹೋದಾವ್ರು ಯಾರೋ ಅಲ್ಲೇ ತೀರಿಕೊಂಡಾರ" ಎಂದು ಎದೆ ಹಿಡಿದುಕೊಂಡರು. ಗೆಳೆಯನಿಗೆ ಫೋನು ಹಚ್ಚಿದರು. ಹತ್ತಲಿಲ್ಲ, ಏಕೆಂದರೆ ಹುಚ್ಚೀರಪ್ಪನವರು ಚಾರ್ಜರನ್ನು ಹೋಟೆಲಿನ ಗೋಡೆಗೇ ಬಿಟ್ಟುಬಂದಿದ್ದರು. ಖಾಜಾಸಾಬರು ಎದ್ದು ತಮ್ಮ ಅಂಗಡಿಯ ಬಾಗಿಲನ್ನು ಅರ್ಧ ಇಳಿಸಿದರು. ಬಜಾರದಲ್ಲಿ ಬೇಕಾದವರು ಹೋದರೆ ಹೀಗೆ ಅರ್ಧ ಬಾಗಿಲು ಹಾಕುವುದು ವಾಡಿಕೆ. ಅವರದನ್ನು ನೋಡಿ ಕಿರಾಣಿಯವರು, ಕಿರಾಣಿಯವರನ್ನು ನೋಡಿ ಬಳೆ ಅಂಗಡಿಯವರು. ಯಾರು ಹೋದರೆಂದು ಒಬ್ಬರೂ ಕೇಳಲಿಲ್ಲ. ಬಾಗಿಲು ಇಳಿದ ಮೇಲೆ ಕೇಳುವುದು ನಮ್ಮಲ್ಲಿ ಸಭ್ಯತನವಲ್ಲ.

ಹೀಗೆ, ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬಂದು ಆಟೋ ಹತ್ತಿದ ಹುಚ್ಚೀರಪ್ಪನವರು ಕಂಡದ್ದು ಸಾಲಿಗೆ ಸಾಲು ಅರ್ಧ ಇಳಿದ ಬಾಗಿಲುಗಳನ್ನು. ಅವರ ಜೀವ ಚುರುಕ್ಕೆಂದಿತು. ತಾವಿಲ್ಲದಾಗ ಊರಿನಲ್ಲಿ ಯಾರೋ ಹೋಗಿಬಿಟ್ಟಿದ್ದಾರೆ!

"ಯಾರು ಹೋದ್ರೋ ತಮ್ಮಾ?"

ಆಟೋದವನು ಮುಖ ಹೊರಳಿಸಿ ಕಣ್ಣೊರೆಸಿಕೊಂಡ. "ನೀವ ಹಿಂಗ ಕೇಳಿದ್ರ ಹ್ಯಾಂಗ್ರೀ ಅಣ್ಣಾರ? ಗಟ್ಟಿಯಾಗ್ರಿ."

ಮನೆಯ ಮುಂದೆ ಮಾವಿನ ತೋರಣ, ಒಳಗೆ ತೊಟ್ಟಿಲು ಸಿಂಗರಿಸುವ ಹೆಂಗಸರ ನಗು. ಹುಚ್ಚೀರಪ್ಪನವರು ಚಪ್ಪಲಿ ಬಿಟ್ಟು ಹೊಸ್ತಿಲಿಗೆ ಕಾಲಿಡಬೇಕು, ಅಷ್ಟರಲ್ಲಿ ಬಾಗಿಲಿಗೆ ಅಡ್ಡವಾಗಿ ಬಳೆ ತುಂಬಿದ ಕೈಯೊಂದು ಬಂತು. ಕೈಯ ಹಿಂದೆ ಬೀಗತಿ ಗುರುಶಾಂತವ್ವ. ಅಂಕಿತಾಳ ಅತ್ತೆ, ಹಿರೇವಡ್ಡಟ್ಟಿಯವರು. ಅವರ ಮಾತಿಗೆ ಅಲ್ಲಿ ಎತ್ತುಗಳೂ ನಿಲ್ಲುತ್ತವೆ ಎಂದು ಹೆಸರು.

"ಅಲ್ಲೇ ನಿಂದರ್ರಿ ಬೀಗರ. ಎಲ್ಲಾ ಮೊಬೈಲಿನಾಗ ನೋಡೇನಿ. ಹೆಣಕ್ಕ ಮಣ್ಣು ಕೊಟ್ಟ ಕೈಲೆ ಹಸಗೂಸು ಮುಟ್ಟಾಕ ಬರೂದಿಲ್ಲ."

"ಅಕ್ಕಾರ, ಅದು ಹಳೇದ್ರೀ!"

"ಹಳೇದಿರ್ಲಿ, ಹೊಸಾದಿರ್ಲಿ, ಹೆಣಾ ಹೆಣಾನ. ಮೈತೊಳ್ಕೊಂಡ್ರ್ಯಾ?"

"ಅವತ್ತ ತೊಳ್ಕೊಂಡೇನ್ರಿ, ಹೋಟೆಲಿನಾಗ."

"ತಣ್ಣೀರೋ, ಬಿಸಿನೀರೋ?"

ಹುಚ್ಚೀರಪ್ಪನವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಬಿಸಿನೀರ್ರೀ. ಎಷ್ಟ ತಿರುವಿದ್ರೂ ಬಿಸೀನ ಬಂತು."

"ಸಾಬಾಣಾ?"

"ಘಮಾಘಮಾ ಅನ್ನೂದು ಒಂದಿತ್ತು..."

"ಅದು ಮಣ್ಣಿನ ಸ್ನಾನ ಅಲ್ರೀ ಬೀಗರ, ಮದಲಿಂಗನ ಸ್ನಾನ!" ಒಳಗಿನಿಂದ ಹೆಂಗಸರ ನಗು ಕೇಳಿತು. ಗುರುಶಾಂತವ್ವ ಮಾತ್ರ ನಗಲಿಲ್ಲ. "ಸ್ನಾನದ ಮಾತು ಹಂಗಿರ್ಲಿ. ಆ ಸತ್ತಾಂವಗ ಯಾರರ ಅತ್ತಾರೇನು? ಅಳದ ಹೆಣದ ದುಃಖ ನೋಡಿದಾವ್ರ ಬೆನ್ನು ಹತ್ತಿ ಬರತೈತಿ ಅಂತಾರ ನಮ್ಮೂರಾಗ."

"ಯಾರೂ ಅತ್ತಿಲ್ರೀ" ಎಂದು ಹುಚ್ಚೀರಪ್ಪನವರು ಪ್ರಾಮಾಣಿಕವಾಗಿ ಹೇಳಿ ತಮ್ಮ ಕೇಸನ್ನು ತಾವೇ ಕೆಡಿಸಿಕೊಂಡರು. "ನಾ ಒಬ್ಬನ."

"ಕೇಳಿದಿಲ್ಲೋ ಕಸ್ತೂರೆವ್ವಾ!"

ಕಸ್ತೂರೆವ್ವ ಹೂರಣದ ಕೈಯಲ್ಲೇ ಹೊರಗೆ ಬಂದು ಗಂಡನನ್ನು ನೋಡಿದರು. "ದೇಶಾ ಬಿಟ್ಟ ದೇಶಕ್ಕ ಹೋಗಿ ಅಲ್ಲೂ ಮಣ್ಣು ಹುಡುಕ್ಕೊಂಡಿರಲ್ರೀ!" ಎಂದು ಹಣೆ ಬಡಿದುಕೊಂಡರು. ಹಣೆಗೆ ಹೂರಣ ಹತ್ತಿತು.

ನ್ಯಾಯ ಹೇಳಲು ಓಣಿಯ ಮಠದ ಅಯ್ಯನವರನ್ನು ಕರೆಸಿದರು. "ನಮ್ಮ ಧರ್ಮದಾಗ ಸೂತಕ ಅನ್ನೂದ ಇಲ್ಲ. ಹುಚ್ಚೀರಪ್ಪ ಚೊಕ್ಕ ಅದಾನ" ಎಂದು ಅಯ್ಯನವರು ಸ್ಪಷ್ಟವಾಗಿ, ಧೈರ್ಯವಾಗಿ, ಗಟಾರದ ಆಚೆ ದಂಡೆಯಲ್ಲಿ ಧೋತರ ಎತ್ತಿ ಹಿಡಿದು ನಿಂತು ಹೇಳಿದರು. ಹುಚ್ಚೀರಪ್ಪನವರು ನಮಸ್ಕರಿಸಲು ಒಂದು ಹೆಜ್ಜೆ ಮುಂದೆ ಬಂದಾಗ ಅಯ್ಯನವರು ಎರಡು ಹೆಜ್ಜೆ ಹಿಂದೆ ಹೋದರು. ಗುರುಶಾಂತವ್ವ ಅದನ್ನು ಕಣ್ಣಿನಲ್ಲೇ ಅಳೆದರು.

ಹುಚ್ಚೀರಪ್ಪನವರು ಕಟ್ಟೆಯ ಮೇಲೆ ಕುಳಿತರು. ಒಳಗೆ ಕೂಸು ಒಮ್ಮೆ ಅತ್ತಿತು. ಮೊಮ್ಮಗನ ದನಿ ಅವರು ಕೇಳಿದ್ದು ಅದೇ ಮೊದಲು. "ಅಪ್ಪಾ, ಕಿಟಕ್ಯಾಗಿಂದ ತೋರಸ್ಲಿ?" ಎಂದು ಅಂಕಿತಾ ಕೂಸನ್ನು ಎತ್ತಿ ಹಿಡಿದಳು. ಕಂಡದ್ದು ಕುಲಾಯಿಯ ಗೊಂಡೆ ಮಾತ್ರ. ಅಷ್ಟಕ್ಕೇ ಹುಚ್ಚೀರಪ್ಪನವರ ಕಣ್ಣು ತುಂಬಿತು.

ಕೆಟ್ಟ ಗಳಿಗೆಯಲ್ಲಿ ತುಂಬಿತು. ಓಣಿಯ ತಿರುವಿನಲ್ಲಿ ಆಗಲೇ ಖಾಜಾಸಾಬರು, ಅವರ ಹಿಂದೆ ಅವರ ಹೆಂಡತಿ ಫಕೀರಬಿ, ಅವರ ತಲೆಯ ಮೇಲೆ ಬುತ್ತಿಯ ಗಂಟು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಬೇಕಾದವರು ಬುತ್ತಿ ಒಯ್ಯಬೇಕು. ಗೆಳೆಯ ಕಟ್ಟೆಯ ಮೇಲೆ ಒಂಟಿಯಾಗಿ ಕಣ್ಣೊರೆಸಿಕೊಳ್ಳುವುದನ್ನು ಕಂಡ ಖಾಜಾಸಾಬರು ಓಡಿಬಂದು ತಬ್ಬಿಕೊಂಡರು.

"ಅಳು ಹುಚ್ಚೀರಣ್ಣಾ, ಅತ್ತುಬಿಡು. ನಮ್ಮಪ್ಪಾ ಹೋದಾಗ ನೀ ನನ್ನ ಹಿಂಗ ಹಿಡಕೊಂಡಿದ್ದಿ."

"ಖಾಜಾ, ಒಳಗ ಬಿಡವಲ್ಲರೋ!"

"ಪಾಪ, ಬುದ್ಧಿ ನೆಟ್ಟಗಿಲ್ಲ" ಎಂದು ಫಕೀರಬಿ ಗಂಡನಿಗೆ ಕಣ್ಣು ಸನ್ನೆ ಮಾಡಿದರು.

ಅವರ ಹಿಂದೆ ಬಜಾರ ಬಂತು. ಬಜಾರದ ಹಿಂದೆ ಟಂಟಂ ತುಂಬಿಕೊಂಡು ಶಿಗ್ಲಿ ಬಂತು. ಟ್ರ್ಯಾಕ್ಟರಿನಲ್ಲಿ ಅಸುಂಡಿ ಬಂತು. ಇಷ್ಟು ವರ್ಷ ಹುಚ್ಚೀರಪ್ಪನವರು ಯಾರ ಯಾರ ಮನೆಯ ಮಣ್ಣಿಗೆ ಹೋಗಿದ್ದರೋ ಅವರೆಲ್ಲರಿಗೂ ಈವತ್ತು ಒಂದು ಸಂದರ್ಭ ಸಿಕ್ಕಿತ್ತು, ಯಾರೂ ಬಿಟ್ಟುಕೊಡಲಿಲ್ಲ. ಕಟ್ಟೆಯ ಮೇಲೆ ಬುತ್ತಿಯ ಗಂಟುಗಳು ಗುಡ್ಡೆ ಬಿದ್ದವು. ಹೆಂಗಸರು ಅವನ್ನು ದಾಟಿ ಒಳಗೆ ಹೋಗಿ ಕಸ್ತೂರೆವ್ವನ ಕೊರಳಿಗೆ ಬಿದ್ದರು. ಇಷ್ಟು ಜನ ಅಳುವುದನ್ನು ಕಂಡ ಕಸ್ತೂರೆವ್ವ, ತಮಗೆ ಹೇಳದೆ ಯಾರನ್ನೋ ಮುಚ್ಚಿಟ್ಟಿದ್ದಾರೆಂದು ತಿಳಿದು, ತಾವೂ ಅಳತೊಡಗಿದರು. ಒಂದು ಕೋಣೆಯಲ್ಲಿ ಜೋಗುಳ, ಪಡಸಾಲೆಯಲ್ಲಿ ಶೋಕ. ಗುಗ್ಗರಿ ಹಂಚಲು ತಟ್ಟೆ ಹಿಡಿದು ಬಂದ ಹುಡುಗಿ ಯಾರಿಗೆ ಕೊಡಬೇಕೆಂದು ತಿಳಿಯದೆ ತಾನೇ ತಿನ್ನುತ್ತ ನಿಂತಳು.

ಗುರುಶಾಂತವ್ವನ ತಾಳ್ಮೆ ಮುಗಿಯಿತು.

"ತೊಟ್ಲ ಮನಿಗೆ ಬುತ್ತಿ ತಂದೀರ್ಯಾ? ಅಂಕಿತಾ, ಎದ್ದೇಳು. ಕೂಸಿನ ಸುತ್ತಕೋ. ಗಾಡಿ ತರಸ್ತೀನಿ, ಹೆಸರು ಹಿರೇವಡ್ಡಟ್ಟ್ಯಾಗ ಇಡೂಣು. ಈ ಮನೀಗೆ ಅಂಟಿದ್ದು ಬಿಡೂತನಕಾ ನನ್ನ ಮೊಮ್ಮಗ ಇಲ್ಲಿ ಕಾಲಿಡಂಗಿಲ್ಲ!"

ಹುಚ್ಚೀರಪ್ಪನವರು ಕಟ್ಟೆಯಿಂದ ಎದ್ದುನಿಂತರು. ಜೀವಮಾನದಲ್ಲಿ ಇಷ್ಟು ಜನರ ನಡುವೆ ಅವರು ದನಿ ಏರಿಸಿದ್ದಿಲ್ಲ.

"ಅಕ್ಕಾರ, ಒಂದ ಮಾತು! ಎಲ್ಲಾರೂ ಯಾಕ ಅಳಾಕತ್ತೀರಿ? ಯಾರು ಸತ್ತಾರ?"

ಬಜಾರ ಶಿಗ್ಲಿಯನ್ನು ನೋಡಿತು. ಶಿಗ್ಲಿ ಅಸುಂಡಿಯನ್ನು ನೋಡಿತು. ಎಲ್ಲರೂ ಖಾಜಾಸಾಬರನ್ನು ನೋಡಿದರು.

"ನೀನ ಹೇಳಬೇಕಲ್ಲೋ ಹುಚ್ಚೀರಣ್ಣಾ" ಎಂದು ಖಾಜಾಸಾಬರು ತೊದಲಿದರು. "ಮಣ್ಣು ಕೊಟ್ಟಾಂವ ನೀನು."

"ಅದಾ? ಅದು ಅಲ್ಲಿ ರಾಜಂದೋ."

"ರಾಜಾ? ಈಜಿಪ್ತಿನ ರಾಜಾ? ಮಿಸರದ ಫಿರೌನ?" ಖಾಜಾಸಾಬರ ಗಡ್ಡ ನೆಟ್ಟಗಾಯಿತು. "ತೋಬಾ ತೋಬಾ! ಮೂಸಾ ಪೈಗಂಬರರನ್ನ ಕಾಡಿದಾಂವ! ಆ ದುಷ್ಟಗ ನಾ ಅಂಗಡಿ ಬಾಗ್ಲಾ ಇಳಿಸಿದ್ನ್ಯಾ?"

"ಇಂವ ಅಂವಲ್ಲೋ ಖಾಜಾ. ಅಲ್ಲಿ ಭಾಳ ರಾಜರದಾರ. ಇಂವ ಹುಡುಗ. ಹತ್ತೊಂಬತ್ತು ವರ್ಷದಾಂವ. ಕಾಲು ಸರಿ ಇದ್ದಿದ್ದಿಲ್ಲ."

ಗುರುಶಾಂತವ್ವ ಗಾಡಿಗೆ ಕಳಿಸಲು ಎತ್ತಿದ ಕೈಯನ್ನು ಹಾಗೇ ಹಿಡಿದಿದ್ದರು. ಸಾವಿನ ಮಾತು ಕಿವಿಗೆ ಬಿದ್ದ ಮೇಲೆ ಎಂಥ ಗಟ್ಟಿ ಹೆಣ್ಣುಮಗಳಾದರೂ ಕೇಳಲೇಬೇಕಾದ ಪ್ರಶ್ನೆ ಒಂದಿರುತ್ತದೆ.

"ಅವ್ವಾ ಇದ್ದಳೇನು ಅಂವಗ?"

"ಇಲ್ರೀ ಅಕ್ಕಾರ. ಅಪ್ಪಾನೂ ಮೊದಲ ಹೋಗಿದ್ನಂತ. ಒಂಬತ್ತಕ್ಕ ಕಿರೀಟಾ ಹೊತ್ತಾನ."

"ಮದಿವಿ ಆಗಿತ್ತೇನು?"

"ಆಗಿತ್ರೀ." ಹುಚ್ಚೀರಪ್ಪನವರು ತಲೆ ತಗ್ಗಿಸಿದರು. "ಹೊಳ್ಳಿ ಬರೂಮುಂದ ಬಸ್ಸಿನಾಗ ಗೈಡ್ ಹೇಳಿದಾ. ಎರಡು ಹೆಣ್ಣು ಕೂಸು, ಎರಡೂ ಹೊಟ್ಟ್ಯಾಗ ಹೋದ್ವಂತ. ಸಣ್ಣ ಸಣ್ಣ ಪೆಟಗಿ ಮಾಡಿ ಅವನ ಗೋರ್ಯಾಗ ಇಟ್ಟಿದ್ರಂತ. ನಮ್ಮನಿ ಕೂಸಿನ ಸುದ್ದಿ ಕೇಳಿ ಹೋಗಿದ್ನೆಲ್ರೀ, ನನಗ ತಡಕೊಳ್ಳಾಕ ಆಗ್ಲಿಲ್ಲ. ಅಲ್ಲಿ ಒಳಗ ಮಂದಿ ಹಲ್ಲು ಕಿಸದು ಫೋಟೋ ತಕ್ಕೊಳ್ಳಾಕತ್ತಿದ್ರು. ಒಬ್ಬರೂ ಒಂದು ಹನಿ ಕಣ್ಣೀರು ಹಾಕ್ಲಿಲ್ಲ ಅಕ್ಕಾರ, ಒಬ್ಬರೂ."

ಗುರುಶಾಂತವ್ವನ ಕೈ ಇಳಿಯಿತು. ಸೆರಗು ಬಾಯಿಗೆ ಹೋಯಿತು. ಹಿರೇವಡ್ಡಟ್ಟಿಯಲ್ಲಿ ಹಾಡಿ ಅಳುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಸತ್ತವರ ಮನೆಯವರು ಹೇಳಿ ಕಳಿಸಿ ಕರೆಸಿಕೊಳ್ಳುತ್ತಾರೆ. ಕಟ್ಟೆಯ ಮೇಲೆ ಕುಸಿದು ಕುಳಿತವರೇ ಎತ್ತಿದರು:

"ಒಂಬತ್ತಕ್ಕ ಕಿರೀಟ ಹೊತ್ತ್ಯೋ ನನ್ನಪ್ಪಾ, ಹತ್ತೊಂಬತ್ತಕ್ಕ ಮಣ್ಣ ಹೊತ್ತ್ಯೋ! ಕೋಲೂರಿ ನಡದ್ಯೋ ನನ್ನ ಅರಸಾ, ಕೂಸಿನ್ನ ಎತ್ತದ ಹೋದ್ಯೋ!"

ಶಿಗ್ಲಿಯ ಹೆಂಗಸರು ದನಿ ಸೇರಿಸಿದರು. ಅಸುಂಡಿಯವರು ಎದೆಗೆ ಕೈ ಒತ್ತಿಕೊಂಡರು. ಫಕೀರಬಿ ಕಣ್ಣೊರೆಸಿಕೊಳ್ಳುತ್ತ "ಬಿನ್ ಮಾ ಕಾ ಬಚ್ಚಾ, ತಾಯಿಲ್ಲದ ಕೂಸು" ಎಂದರು. ಖಾಜಾಸಾಬರು, ಇವನು ಅವನಲ್ಲ ಎಂಬುದನ್ನು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡು, ಆಮೇಲೆ ಅತ್ತರು. ಗಟಾರದ ಆಚೆ ಅಯ್ಯನವರೂ ಧೋತರದ ಚುಂಗು ಕಣ್ಣಿಗೆ ಹಚ್ಚಿದರು. ಮೂರು ಸಾವಿರ ವರ್ಷಗಳಿಂದ ಬಾಕಿ ಉಳಿದ ಅಳುವನ್ನು ಲಕ್ಷ್ಮೇಶ್ವರದ ಒಂದು ಓಣಿ ಅತ್ತು ಮುಗಿಸಿತು.

ಮೊದಲು ಎಚ್ಚರವಾದದ್ದು ಗುರುಶಾಂತವ್ವನಿಗೇ. ಮೂಗು ಸೀಟಿ ಸುತ್ತಲೂ ನೋಡಿದರು. ಮನೆಯಲ್ಲಿ ಅಳದವರು ಒಬ್ಬರೂ ಉಳಿದಿರಲಿಲ್ಲ. ತಾವೂ ಸೇರಿ. ಸತ್ತವನಿಗೆ ಅತ್ತವರೂ ಮಣ್ಣಿಗೆ ಹೋದವರ ಲೆಕ್ಕವೇ ಆದ್ದರಿಂದ, ತಮ್ಮದೇ ಕಾಯಿದೆಯ ಪ್ರಕಾರ ಈಗ ತೊಟ್ಟಿಲು ತೂಗಲು ಓಣಿಯಲ್ಲಿ ಒಂದು ಕೈಯೂ ಇರಲಿಲ್ಲ. ಈ ತೊಡಕನ್ನು ಅವರು ಒಂದು ಕ್ಷಣ ಆಲೋಚಿಸಿದರು.

"ಆತು" ಎಂದರು. "ಹುಡುಗನ ದುಃಖ ಮುಗೀತು. ನಾವ ಮುಗಿಸಿದ್ವಿ. ಇನ್ನ ಯಾರ ಬೆನ್ನೂ ಹತ್ತಾಂಗಿಲ್ಲ. ಎಲ್ಲಾರೂ ತಣ್ಣೀರಿಲೆ ಕೈಕಾಲು ಮಾರಿ ತೊಳ್ಕೊರ್ರಿ. ಬುತ್ತಿ ಬಿಚ್ಚಿರಿ, ಹೋಳಿಗಿ ಜೋಡಿ ಉಣ್ಣೂಣು. ಬೀಗರ, ನಿಮಗ ಕೈಕಾಲು ಸಾಲೂದಿಲ್ಲ."

ಖಾಜಾಸಾಬರೇ ಕೊಡ ತಂದರು. ಕಂಪನಿಯವರು ಕೊಡಿಸಿದ ಹೊಸ ಕೋಟಿನ ಮೇಲೆಯೇ ಹುಚ್ಚೀರಪ್ಪನವರು ಕೊಡಗಟ್ಟಲೆ ತಣ್ಣೀರು ಹೊಯ್ಯಿಸಿಕೊಂಡರು. ಹಲ್ಲು ಕಟಕಟಿಸುತ್ತ ಧೋತರ ಉಟ್ಟು ಪಡಸಾಲೆಗೆ ಬಂದಾಗ ಗುರುಶಾಂತವ್ವ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎತ್ತಿಕೊಂಡು ಎದುರಿಗೆ ನಿಂತಿದ್ದರು.

"ಕುಂಡ್ರಿ. ತೊಡಿ ಚಾಚ್ರಿ."

ಹುಚ್ಚೀರಪ್ಪನವರು ಕುಳಿತರು. ಸಾವಿರ ಹೆಣಗಳನ್ನು ಎತ್ತಿದ ಆ ಕೈಗಳು ಗಾಳಿಯಲ್ಲಿ ಹಾಗೇ ನಿಂತವು. ಒಂದು ತಲೆಯ ಕಡೆಗೆ, ಒಂದು ಕಾಲಿನ ಕಡೆಗೆ, ಎರಡೂ ಮರಗಟ್ಟಿದಂತೆ ನೆಟ್ಟಗೆ.

"ಏನ್ರೀ ಬೀಗರ, ಚಟ್ಟಾ ಹಿಡಿದಂಗ ಹಿಡಿತೀರಲ್ರೀ!" ಎಂದು ಗುರುಶಾಂತವ್ವ ಅವರ ಮೊಣಕೈಯನ್ನು ಬಗ್ಗಿಸಿ, ಅಂಗೈಯನ್ನು ಕೂಸಿನ ಕುತ್ತಿಗೆಯ ಕೆಳಗೆ ಸರಿಸಿಟ್ಟರು. "ಇಲ್ಲೆ ಕೈ ಇಡ್ರಿ. ಹಾಂ, ಈಗ ಗಟ್ಟಿ ಹಿಡೀರಿ. ಇದು ಒದಿಯೂದೈತಿ."